ಉಲಿಯಕ್ಕಿ ಒಂದೋ ಎರಡೋ

ಒಂದು ಹೊಳೆ. ಹೊಳೆಯ ದಡದಲ್ಲಿ ಒಂದು ಆಶ್ರಮ. ಆಶ್ರಮ ಅಂದ ಕೂಡಲೇ ವೇದಘೋಷ, ಹೋಮದ ಹೊಗೆ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಮೂರು ಹುಲ್ಲಿನ ಗುಡಿಸಲು, ಕೂರುವುದಕ್ಕೆ ಒಂದು ಕಲ್ಲಿನ ಕಟ್ಟೆ, ಅಷ್ಟೇ. ಅಲ್ಲಿ ಕಲಿಸುತ್ತಿದ್ದದ್ದು ಒಂದೇ ವಿದ್ಯೆ: ಹಕ್ಕಿ ನೋಡುವುದು.

ಗುರುಗಳ ಹೆಸರು ಜಡೆಯಪ್ಪ. ಜಡೆ ಹಾಗಿರಲಿ, ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ.

ಅಲ್ಲೊಂದು ನಿಯಮವಿತ್ತು. ಶಿಷ್ಯನಾದವನು ತಾನು ಕಂಡ ಹಕ್ಕಿಗಳ ಹೆಸರನ್ನು ಒಂದು ಪುಸ್ತಕದಲ್ಲಿ ಬರೆಯುತ್ತ ಹೋಗಬೇಕು. ಒಂದು ಜಾತಿಗೆ ಒಂದು ಸಂಖ್ಯೆ. ಮುನ್ನೂರು ಜಾತಿ ಆದ ದಿನ ಅವನು ಹೊಳೆ ದಾಟಬಹುದು. ಆಚೆ ಎಲ್ಲಾದರೂ ಕೂತು ತಾನೇ ನಾಲ್ಕು ಜನಕ್ಕೆ ಕಲಿಸಬಹುದು. ಅದಕ್ಕೆ ಮೊದಲು ದಾಟುವಂತಿಲ್ಲ.

ನಿಯಮ ಮಾಡಿದವರು ಜಡೆಯಪ್ಪನವರ ಗುರುಗಳು. ಅವರ ಆಶ್ರಮದಲ್ಲಿ ಹುಟ್ಟಿದ ನಿಯಮ ಜಡೆಯಪ್ಪನವರ ಜೊತೆ ಇಲ್ಲಿಗೂ ಬಂದಿತ್ತು. ಯಾಕೆ ಮಾಡಿದರು ಎಂದು ಯಾರೂ ಕೇಳಿದ್ದಿಲ್ಲ.

ಶಿಷ್ಯರಲ್ಲಿ ಎಲ್ಲರಿಗಿಂತ ಹಳಬ ಚನ್ನವೀರ. ಅವನು ಬಂದು ಹನ್ನೆರಡು ವರ್ಷವಾಗಿತ್ತು. ಒಂಬತ್ತನೆಯ ವರ್ಷಕ್ಕೇ ಅವನ ಪುಸ್ತಕದಲ್ಲಿ ಇನ್ನೂರ ತೊಂಬತ್ತೊಂಬತ್ತು ಹೆಸರು ತುಂಬಿದ್ದವು. ಆಮೇಲೆ ಮೂರು ವರ್ಷ ಕಳೆದರೂ ಆ ಇನ್ನೊಂದು ಹಕ್ಕಿ ಅವನ ಕಣ್ಣಿಗೆ ಬೀಳಲಿಲ್ಲ.

ಅವನಿಗಿಂತ ಆಮೇಲೆ ಬಂದ ಇಬ್ಬರು ಮುನ್ನೂರು ಮುಗಿಸಿ ದೋಣಿ ಹತ್ತಿ ಹೋಗಿದ್ದರು. ಹತ್ತಿಸಿ ಬಂದವನು ಚನ್ನವೀರನೇ. ಅದರಿಂದ ಅವನಿಗೆ ನೋವಾಗುತ್ತಿತ್ತು. ಆ ನೋವನ್ನು ಯಾರ ಮುಂದೆಯೂ ಹೇಳಿರಲಿಲ್ಲ, ಗುರುಗಳ ಮುಂದೆಯೂ.

ಆ ವರ್ಷ ಕಾರ್ತಿಕದಲ್ಲಿ ಆಚೆ ದಡದಿಂದ ಒಬ್ಬ ಹೆಂಗಸು ಬಂದಳು. ಹೆಸರು ದುರುಗವ್ವ. ಒಂದೂವರೆ ದಿನ ನಡೆದು ಬಂದಿದ್ದಳು. ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಮಾತಿಗೆ ಕೂತಳು.

"ಅಯ್ನೋರೆ, ನಮ್ಮೂರು ಮುದ್ದನಕೆರೆ. ಕೆರೆಯಾಗಿನ ಜೊಂಡು ಕೊಯ್ದು ಚಾಪೆ ಹೆಣೀತೀನಿ. ಚಳಿಗಾಲಕ್ಕೆ ಎಲ್ಲೆಲ್ಲಿಂದಲೋ ಹಕ್ಕಿ ಬಂದು ಆ ಜೊಂಡಿನಾಗೆ ಇಳೀತಾವೆ. ಈಗ ಬಲೆಯೋರು ಕಣ್ಣು ಹಾಕ್ಯಾರೆ."

"ಊರೋರು ಏನಂತಾರೆ?" ಜಡೆಯಪ್ಪ ಕೇಳಿದರು.

"ಊರು ಅರ್ಧ ಆ ಕಡೆ, ಅರ್ಧ ಈ ಕಡೆ. ಗೌಡ್ರು ಒಂದು ಮಾತಂದ್ರು. ಹೊಳೆ ದಡದ ಆಶ್ರಮದಿಂದ ಒಬ್ರು ಬಂದು ಕೆರೆ ಏರಿ ಮ್ಯಾಲೆ ಕುಂತ್ರೆ, ಅವ್ರ ಮುಖ ನೋಡಿ ಬಲೆ ಬ್ಯಾಡ ಅಂತೀನಿ. ಯಾರೂ ಬರ್ಲಿಲ್ಲ ಅಂದ್ರೆ ಶಿವರಾತ್ರಿ ಕಳೀತಿದ್ದಂಗೆ ಬಲೆಯೋರಿಗೆ ಹೂಂ ಅಂತೀನಿ. ನಾನೊಬ್ನೇ ಎಷ್ಟಂತ ತಡೀಲಿ ಅಂದ್ರು."

ಜಡೆಯಪ್ಪ ತಲೆ ಸವರಿಕೊಂಡರು.

"ಚನ್ನವೀರ ಇದಾನೆ. ಅವನನ್ನೇ ಕೇಳು ತಾಯಿ."

ಚನ್ನವೀರ ಎದ್ದು ನಿಂತ. ಮರುಕ್ಷಣ ಅವನು ನೆಲ ನೋಡಿದ.

"ಬರಾಕೆ ನನಗೂ ಆಸೆ ಐತವ್ವ. ಒಂದು ಕಮ್ಮಿ ಐತೆ."

"ಏನು ಕಮ್ಮಿ?"

"ಒಂದು ಹಕ್ಕಿ."

ಅವನು ನಿಯಮವನ್ನು ವಿವರಿಸಿದ. ದುರುಗವ್ವ ಬಾಯಿ ತೆರೆದು ಕೇಳಿದಳು.

"ಒಂದೇ ಅಲ್ಲೇನಪ್ಪ? ನಮ್ಮ ಕೆರೆಯಾಗೆ ಬೇಕಾದಷ್ಟು ಅದಾವೆ. ಬಂದು ಅಲ್ಲೇ ನೋಡ್ಕ್ಯಾ."

"ನೋಡಿ ದಾಟ್ಬೇಕವ್ವ. ದಾಟಿ ನೋಡಂಗಿಲ್ಲ."

ದುರುಗವ್ವ ಗುರುಗಳ ಕಡೆ ತಿರುಗಿದಳು. ಗುರುಗಳು ಒಂದು ಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದರು.

"ಶಿವರಾತ್ರಿ ತನಕ ದಾರಿ ಕಾಯ್ತೀನಿ," ಎಂದು ಅವಳು ಎದ್ದಳು.

ಮಾರ್ಗಶಿರದಲ್ಲಿ ಆಶ್ರಮಕ್ಕೆ ಅಂಚೆ ಬಂತು. ಪ್ರತಿ ವರ್ಷ ಆ ತಿಂಗಳು ಎರಡು ಪಟ್ಟಿಗಳು ಬರುತ್ತಿದ್ದವು. ಒಂದು ಉತ್ತರದ ಹಕ್ಕಿ ಸಂಘದ್ದು, ಇನ್ನೊಂದು ದಕ್ಷಿಣದ ಹಕ್ಕಿ ಸಂಘದ್ದು. ನಾಡಿನಲ್ಲಿ ಯಾವ ಯಾವ ಹಕ್ಕಿ ಇವೆ, ಯಾವುದು ಯಾವ ಜಾತಿ ಎಂದು ತಿಳಿದವರು ಕೂಡಿ ತೀರ್ಮಾನಿಸಿ ಅಚ್ಚು ಹಾಕಿಸುತ್ತಿದ್ದರು.

ಎರಡೂ ಕಡೆಯವರು ದೊಡ್ಡ ವಿದ್ವಾಂಸರೇ. ಆದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ, ಒಬ್ಬರು ಹೌದೆಂದದ್ದನ್ನು ಇನ್ನೊಬ್ಬರು ಹೌದೆಂದ ದಾಖಲೆ ಕಡಿಮೆ.

ಚನ್ನವೀರ ಉತ್ತರದ ಪಟ್ಟಿಯನ್ನು ಬಿಡಿಸಿದ. ನಾಲ್ಕನೆಯ ಪುಟದಲ್ಲಿ ಅವನ ಬೆರಳು ನಿಂತಿತು.

ಚಳಿಗಾಲದಲ್ಲಿ ಬರುವ ಎಲೆ ಉಲಿಯಕ್ಕಿ ಎಂಬುದೊಂದಿದೆ. ಹೆಬ್ಬೆರಳಿನಷ್ಟು ಗಾತ್ರ, ಎಲೆಯದೇ ಬಣ್ಣ. ಮರದ ತುಂಬ ಇದ್ದರೂ ಕಣ್ಣಿಗೆ ಸಿಗುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಇಷ್ಟು ವರ್ಷ ಅದು ಒಂದು ಜಾತಿ. ಈ ವರ್ಷ ಉತ್ತರದವರು ಅದನ್ನು ಒಡೆದು ಎರಡು ಮಾಡಿದ್ದರು: ಹಸಿರು ಉಲಿಯಕ್ಕಿ, ಮಾಸಲು ಉಲಿಯಕ್ಕಿ.

ದಕ್ಷಿಣದ ಪಟ್ಟಿಯಲ್ಲಿ ಅದು ಹಿಂದಿನಂತೆ ಒಂದೇ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಕೆಲವರು ಇದನ್ನು ಎರಡೆನ್ನುತ್ತಾರೆ, ನಾವು ಒಪ್ಪುವುದಿಲ್ಲ, ಎಂದು ಬರೆದಿತ್ತು.

ಚನ್ನವೀರ ಸಣ್ಣ ಅಕ್ಷರವನ್ನು ಓದುವ ಗೋಜಿಗೆ ಹೋಗಲಿಲ್ಲ. ತನ್ನ ಪುಸ್ತಕ ತೆಗೆದು ಮುನ್ನೂರು ಎಂದು ಬರೆದ. ಬಟ್ಟೆಬರೆ ಗಂಟು ಕಟ್ಟಿದ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿಟ್ಟ. ಆಮೇಲೆ ಗುರುಗಳ ಹತ್ತಿರ ಹೋದ.

"ಗುರುಗಳೇ, ಮುನ್ನೂರಾಯ್ತು."

"ಹೌದಾ? ಯಾವ ಮರದಾಗೆ ಸಿಕ್ತು?"

"ಇವತ್ತು ನೋಡಿದ್ದಲ್ಲ. ಹಿಂದೆಯೇ ನೋಡಿದ್ದು. ಎಲೆ ಉಲಿಯಕ್ಕಿ ಒಂದಲ್ವಂತೆ, ಎರಡಂತೆ."

"ನಿನ್ನೆ ಎಷ್ಟಿತ್ತು?"

"ಒಂದು."

"ಇವತ್ತು?"

"ಎರಡು."

"ರಾತ್ರಿ ಮೊಟ್ಟೆ ಇಡ್ತೇನೋ?"

ಚನ್ನವೀರ ಇಂಗು ತಿಂದ ಮಂಗನಂತೆ ನಿಂತ. ಆದರೆ ಬಿಟ್ಟುಕೊಡಲಿಲ್ಲ.

"ಹಕ್ಕಿ ಮೊದಲಿಂದ್ಲೂ ಎರಡೇ ಇತ್ತು, ಗುರುಗಳೇ. ನಮಗೆ ಗೊತ್ತಿರ್ಲಿಲ್ಲ, ಅಷ್ಟೇ. ಒಂದರ ಹೊಟ್ಟೆ ಹಳದಿ, ಇನ್ನೊಂದರದು ಮಾಸಲು. ಕೂಗೂ ಬೇರೆಯಂತೆ. ಉತ್ತರದೋರು ಪರೀಕ್ಷೆ ಮಾಡಿ ಬರ್ದಿದಾರೆ."

"ದಕ್ಷಿಣದೋರು?"

"ಅವರು ಹಳೇ ಕಾಲದೋರು."

"ಸರಿ. ನಿನ್ನ ಪುಸ್ತಕ ಕೊಡು."

ಜಡೆಯಪ್ಪ ಕನ್ನಡಕ ಹಾಕಿಕೊಂಡು ಹನ್ನೆರಡು ವರ್ಷದ ಹಿಂದಿನ ಪುಟ ತೆಗೆದರು. ಗಟ್ಟಿಯಾಗಿ ಓದಿದರು.

"ಮಾಘ ಮಾಸ, ಹೊಂಗೆ ಮರ. ಎಲೆ ಉಲಿಯಕ್ಕಿ. ಬಹಳ ಚಿಕ್ಕದು. ಸಂಖ್ಯೆ ನಲವತ್ತೊಂದು."

ಪುಟ ತಿರುವಿದರು. "ಮರುವರ್ಷ. ಎಲೆ ಉಲಿಯಕ್ಕಿ, ಮೊದಲೇ ಆಗಿದೆ."

ಇನ್ನೊಂದು ಪುಟ. "ಎಲೆ ಉಲಿಯಕ್ಕಿ, ಮೊದಲೇ ಆಗಿದೆ."

ಇನ್ನೊಂದು. "ಮೊದಲೇ ಆಗಿದೆ."

ಹಾಗೆ ಹನ್ನೊಂದು ಸಲ ಓದಿದರು. ಓದುವಾಗ ದನಿಯಲ್ಲಿ ಕೋಪವಿರಲಿಲ್ಲ, ಪಂಚಾಂಗ ಓದುವ ದನಿ. ಚನ್ನವೀರನಿಗೆ ಅದೇ ಹೆಚ್ಚು ಚುಚ್ಚಿತು.

"ನಲವತ್ತೊಂದನೇದು ಹಳದಿ ಹೊಟ್ಟೇದೋ, ಮಾಸಲು ಹೊಟ್ಟೇದೋ?"

ಚನ್ನವೀರ ನೆನಪು ಮಾಡಿಕೊಳ್ಳಲು ನೋಡಿದ. ಹೊಂಗೆಯ ಎಲೆಗಳು ನೆನಪಾದವು. ಸಂಖ್ಯೆ ಬರೆದ ಸಂತೋಷ ನೆನಪಾಯಿತು. ಹೊಟ್ಟೆ ನೆನಪಾಗಲಿಲ್ಲ.

"ಗೊತ್ತಿಲ್ಲ."

"ಆಮೇಲಿನ ಹನ್ನೊಂದು ವರ್ಷದ್ದು?"

"ನೋಡ್ಲಿಲ್ಲ ಗುರುಗಳೇ. ಆಗಿತ್ತಲ್ಲ ಅಂತ ನೋಡ್ಲಿಲ್ಲ."

ಜಡೆಯಪ್ಪ ಪುಸ್ತಕವನ್ನು ಮಡಚಿ ಕೊಟ್ಟರು.

"ಹೊಂಗೆ ಮರದ ತುಂಬ ಈಗ ಬಂದಿದಾವೆ. ಹೋಗಿ ಕೇಳ್ಕೊಂಡು ಬಾ, ಒಂದೋ ಎರಡೋ ಅಂತ."

ಚನ್ನವೀರ ಮುನ್ನೂರು ಎಂಬ ಸಂಖ್ಯೆಯ ಮೇಲೆ ಗೀಟೆಳೆದು ಹೊಂಗೆಯ ಬುಡಕ್ಕೆ ಹೋದ. ಶಿವರಾತ್ರಿಗೆ ಇನ್ನೂ ಎರಡೂವರೆ ತಿಂಗಳಿತ್ತು. ಎರಡು ದಿನದ ಕೆಲಸ ಎಂದುಕೊಂಡ.

ಮೊದಲ ವಾರ ಕತ್ತು ನೋವಾಯಿತು, ಅಷ್ಟೇ ಲಾಭ. ಎಲೆ ಅಲ್ಲಾಡಿದರೆ ಹಕ್ಕಿ ಎಂದುಕೊಳ್ಳುವನು, ನೋಡಿದರೆ ಎಲೆ. ಎಲೆ ಎಂದು ಬಿಟ್ಟದ್ದು ಹಾರಿಹೋಗುವುದು. ದುರ್ಬೀನು ಎತ್ತುವಷ್ಟರಲ್ಲಿ ಕೊಂಬೆ ಖಾಲಿ.

ಎರಡನೆಯ ವಾರ ಅವನು ದುರ್ಬೀನು ಕೆಳಗಿಟ್ಟು ಕಿವಿಗೊಟ್ಟ. ಆಗ ಕೇಳಿತು. ಒಂದು ಹಕ್ಕಿ ಎರಡೇ ಉಸಿರಿಗೆ ಕೂಗುತ್ತದೆ, ಚೀ-ವೀ. ಇನ್ನೊಂದಕ್ಕೆ ಮೂರು ಬೇಕು, ಚೀ-ರು-ವೀ.

ಹನ್ನೆರಡು ವರ್ಷ ಈ ಮರದ ಕೆಳಗೇ ಓಡಾಡಿದ್ದ. ಈ ಎರಡು ಕೂಗೂ ಇವೇ ಕಿವಿಗಳ ಮೇಲೆ ಬಿದ್ದಿರಬೇಕು. ಅವನಿಗೆ ನಾಚಿಕೆಯಾಯಿತು, ಜೊತೆಗೆ ಒಂದು ಬಗೆಯ ಖುಷಿಯೂ ಆಯಿತು.

ಪುಷ್ಯ ಮಾಸದ ಕೊನೆಗೆ ಗುರುಗಳ ಹತ್ತಿರ ಬಂದ.

"ಎರಡು, ಗುರುಗಳೇ. ಈಗ ಕಣ್ಣಾರೆ ನೋಡಿದೀನಿ. ಮೂರು ಉಸಿರಿನದಕ್ಕೆ ಹೊಟ್ಟೆ ಹಳದಿ. ಎರಡು ಉಸಿರಿನದಕ್ಕೆ ಮಾಸಲು."

"ಅವಕ್ಕೆ ಗೊತ್ತಾ, ತಾವು ಬೇರೆ ಬೇರೆ ಅಂತ?"

"ಅಂದ್ರೆ?"

"ಒಂದನ್ನೊಂದು ಕಂಡ್ರೆ ಏನು ಮಾಡ್ತಾವೆ?"

"ಅಟ್ಟಿಸ್ಕೊಂಡು ಹೋಗ್ತಾವೆ. ಒಂದೊಂದಕ್ಕೂ ಒಂದೊಂದು ಕೊಂಬೆ. ಇನ್ನೊಂದು ಬಂದ್ರೆ ಬಿಡಲ್ಲ."

"ತನ್ನ ಜಾತೀದೇ ಬಂದ್ರೆ?"

"ಅದನ್ನೂ ಬಿಡಲ್ಲ. ಒಂದ್ಸಲ ಒಂದು ಅಳಿಲನ್ನೂ ಅಟ್ಟಿಸ್ತು."

"ಹಂಗಾದ್ರೆ ಅವಕ್ಕೆ ಪಟ್ಟಿ ತಲುಪಿಲ್ಲ," ಎಂದರು ಜಡೆಯಪ್ಪ. "ಎರಡು ಅಂತ ಬರ್ಕೊಳ್ತೀಯೇನು?"

ಸುಳ್ಳು ಚನ್ನವೀರನ ಬಾಯಿಗೆ ಬರುವಂಥದ್ದಲ್ಲ.

"ಇನ್ನೊಂದೈತೆ, ಗುರುಗಳೇ. ತುದಿ ಕೊಂಬೇದು. ಬೆಳಿಗ್ಗೆ ಎರಡು ಉಸಿರಿಗೆ ಕೂಗ್ತದೆ, ಮಧ್ಯಾಹ್ನ ಮೂರು. ಹೊಟ್ಟೆ ಹಳದೀನೂ ಅಲ್ಲ, ಮಾಸಲೂ ಅಲ್ಲ."

"ಅದನ್ನ ಯಾವುದಕ್ಕೆ ಸೇರಿಸ್ತೀಯ?"

"ಅದೇ ತಿಳೀತಿಲ್ಲ."

"ಎರಡೂವರೆ ಅಂತ ಬರ್ಕೊ."

ಗುರುಗಳು ಹೇಳಿದ್ದು ತಮಾಷೆಗೋ ನಿಜಕ್ಕೋ ಚನ್ನವೀರನಿಗೆ ಗೊತ್ತಾಗಲಿಲ್ಲ. ಅವರ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅವನು ಮತ್ತೆ ಹೊಂಗೆಯ ಬುಡಕ್ಕೇ ಹೋದ. ತುದಿಯ ಕೊಂಬೆಯದನ್ನು ತೀರ್ಮಾನಿಸಿಯೇ ಬರುತ್ತೇನೆ ಎಂದು ಹಟ ಹಿಡಿದ.

ದಿನಗಳು ಹೋದವು. ದಿನಕ್ಕೊಮ್ಮೆ ಶಿವರಾತ್ರಿಯ ನೆನಪಾಗುತ್ತಿತ್ತು. ನೆನಪಾದಾಗಲೆಲ್ಲ, ಇದೊಂದು ಗೊತ್ತಾಗಲಿ, ಕೂಡಲೇ ಹೊರಡುತ್ತೇನೆ ಎಂದುಕೊಳ್ಳುವನು. ಕೂಡಲೇ ಎನ್ನುವ ಮಾತಿಗೆ ಎಷ್ಟು ಉದ್ದದ ಬಾಲವಿರುತ್ತದೆ ಎಂಬುದು ಕಾಯಿಸುವವರಿಗೆ ತಿಳಿಯುವುದಿಲ್ಲ, ಕಾಯುವವರಿಗೆ ತಿಳಿಯುತ್ತದೆ.

ಮಾಘದಲ್ಲಿ ಇನ್ನೊಮ್ಮೆ ಅಂಚೆ ಬಂತು. ಈ ಸಲ ಪಟ್ಟಿಗಳಲ್ಲ, ಎರಡೂ ಸಂಘಗಳಿಂದ ಒಂದೊಂದು ತಿದ್ದುಪಡಿ ಚೀಟಿ.

ಉತ್ತರದವರು ಬರೆದಿದ್ದರು: ದಕ್ಷಿಣದ ವಿದ್ವಾಂಸರ ವಾದವನ್ನು ಕೂಲಂಕಷವಾಗಿ ಪರಿಶೀಲಿಸಿದೆವು. ಅದು ಸರಿ ಎಂದು ಮನಗಂಡಿದ್ದೇವೆ. ಎಲೆ ಉಲಿಯಕ್ಕಿಯನ್ನು ಇನ್ನು ಮುಂದೆ ಒಂದೇ ಜಾತಿಯೆಂದು ತಿಳಿಯತಕ್ಕದ್ದು.

ದಕ್ಷಿಣದವರು ಬರೆದಿದ್ದರು: ಉತ್ತರದ ವಿದ್ವಾಂಸರ ವಾದವನ್ನು ಕೂಲಂಕಷವಾಗಿ ಪರಿಶೀಲಿಸಿದೆವು. ಅದು ಸರಿ ಎಂದು ಮನಗಂಡಿದ್ದೇವೆ. ಎಲೆ ಉಲಿಯಕ್ಕಿಯನ್ನು ಇನ್ನು ಮುಂದೆ ಎರಡು ಜಾತಿಯೆಂದು ತಿಳಿಯತಕ್ಕದ್ದು.

ಜಡೆಯಪ್ಪ ಎರಡು ಚೀಟಿಯನ್ನೂ ತೊಡೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೆಮ್ಮು ಬರುವ ತನಕ ನಕ್ಕರು.

"ಪಾಪ, ಇಬ್ರೂ ಸೋತ್ರು," ಎಂದರು ಕಣ್ಣೊರೆಸಿಕೊಂಡು.

ಚನ್ನವೀರ ನಗಲಿಲ್ಲ. ಅವನು ದಕ್ಷಿಣದ ಚೀಟಿಯನ್ನು ಎತ್ತಿಕೊಂಡ.

"ಗುರುಗಳೇ, ದಕ್ಷಿಣದೋರು ನಮಗೆ ಹತ್ತಿರದೋರು. ನಮ್ಮ ಕಡೆ ಹಕ್ಕಿ ಅವರಿಗೇ ಚೆನ್ನಾಗಿ ಗೊತ್ತು. ಅವರ ಮಾತೇ ಸರಿ ಅನ್ಸುತ್ತೆ."

"ಮೊನ್ನೆ ಅವರು ಹಳೇ ಕಾಲದೋರಾಗಿದ್ರು."

ಚನ್ನವೀರ ಚೀಟಿಯನ್ನು ಮೆಲ್ಲಗೆ ಕೆಳಗಿಟ್ಟ. ತಾನು ಹಿಡಿದುಕೊಂಡಿದ್ದು ಉತ್ತರವನ್ನೂ ಅಲ್ಲ, ದಕ್ಷಿಣವನ್ನೂ ಅಲ್ಲ, ಮುನ್ನೂರನ್ನು ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಗೊತ್ತಾದದ್ದರಿಂದ ಏನು ಮಾಡಬೇಕೆಂದು ಮಾತ್ರ ಗೊತ್ತಾಗಲಿಲ್ಲ.

ಅವನು ಮತ್ತೆ ಹೊಂಗೆಯ ಬುಡಕ್ಕೆ ಹೋಗಿ ಕೂತ. ಬೇರೆ ಎಲ್ಲಿಗೆ ಹೋಗುವುದೆಂದೂ ತೋಚಲಿಲ್ಲ.

ಶಿವರಾತ್ರಿ ಬಂತು. ಆಶ್ರಮದಲ್ಲಿ ಎಲ್ಲರೂ ಉಪವಾಸವಿದ್ದರು. ಮರುದಿನ ಊಟ ಮಾಡಿದರು. ಆಚೆ ದಡದ ಕಡೆ ನೋಡದಿರಲು ಚನ್ನವೀರ ಬಹಳ ಪ್ರಯತ್ನಪಟ್ಟ.

ಶಿವರಾತ್ರಿ ಕಳೆದ ಎಂಟನೆಯ ದಿನ ಬೆಳಿಗ್ಗೆ ದೋಣಿಯಿಂದ ದುರುಗವ್ವ ಇಳಿದಳು. ಕಂಕುಳಲ್ಲಿ ಒಂದು ಬಿದಿರಿನ ಪುಟ್ಟಿ, ಅದರ ಮೇಲೆ ಒದ್ದೆ ಬಟ್ಟೆ. ಈ ಸಲ ಅವಳು ನೀರು ಕೇಳಲಿಲ್ಲ. ಪುಟ್ಟಿಯನ್ನು ಕಟ್ಟೆಯ ಮೇಲೆ ಇಳಿಸಿ ಬಟ್ಟೆ ತೆಗೆದಳು.

ಒಳಗೆ ಹಕ್ಕಿಗಳಿದ್ದವು. ಇಪ್ಪತ್ತೋ ಮೂವತ್ತೋ. ಎಲ್ಲ ಸಣ್ಣವು, ಕಾಲಿಗೆ ಇನ್ನೂ ಬಲೆಯ ದಾರ ಸುತ್ತಿಕೊಂಡಿತ್ತು. ಒಂದರಲ್ಲೂ ಜೀವವಿರಲಿಲ್ಲ.

"ಗೌಡ್ರು ಹೂಂ ಅಂದ್ರು," ಎಂದಳು. "ಬಾತು, ನೀರುಕೋಳಿ, ದೊಡ್ಡವನ್ನೆಲ್ಲ ಬಲೆಯೋರು ಒಯ್ದ್ರು. ಇವು ಸಣ್ಣವು, ತಿನ್ನಾಕೆ ಬರಲ್ಲ ಅಂತ ಏರಿ ಮ್ಯಾಲೆ ಎಸೆದು ಹೋದ್ರು."

ಅವಳು ಪುಟ್ಟಿಯನ್ನು ಚನ್ನವೀರನ ಕಡೆ ಸರಿಸಿದಳು.

"ನಿನಗೊಂದು ಕಮ್ಮಿ ಐತಿ ಅಂದಿದ್ಯಲ್ಲಪ್ಪ," ಎಂದು ಅವಳು ಚನ್ನವೀರನಿಗೆ ಹೇಳಿದಳು. ಬೈಗುಳದ ದನಿಯಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ನಿಜವಾಗಿಯೇ ಹೇಳುತ್ತಿದ್ದಳು. "ಇದರಾಗೆ ಐತೇನೋ ನೋಡು."

ಚನ್ನವೀರ ಮೊಣಕಾಲೂರಿ ಕೂತ. ಒಂದೊಂದನ್ನೇ ಅಂಗೈ ಮೇಲೆ ತೆಗೆದುಕೊಂಡ, ದಾರ ಬಿಡಿಸಿದ, ಕಟ್ಟೆಯ ಮೇಲೆ ಮಲಗಿಸಿದ. ಎರಡೂವರೆ ತಿಂಗಳು ಮರದ ಕೆಳಗೆ ಕೂತವನ ಕಣ್ಣು ಅದು, ಬೇಡವೆಂದರೂ ನೋಡುತ್ತಿತ್ತು. ಕೊಕ್ಕು, ಹುಬ್ಬಿನ ಗೆರೆ, ರೆಕ್ಕೆಯ ಉದ್ದ, ಹೊಟ್ಟೆಯ ಬಣ್ಣ.

ಹದಿನೇಳನೆಯದನ್ನು ಎತ್ತಿದಾಗ ಕೈ ನಿಂತಿತು.

ಕಂದು ಬೆನ್ನು, ಬಿಳಿ ಗಂಟಲು, ಉದ್ದನೆಯ ಕೊಕ್ಕು. ಇದೂ ಉಲಿಯಕ್ಕಿಯೇ, ಆದರೆ ಮರದ್ದಲ್ಲ. ಜೊಂಡಿನಲ್ಲಿ ಬಾಳುವ ಉಲಿಯಕ್ಕಿ. ಈ ದಡದಲ್ಲಿ ಬರೀ ಬಂಡೆ, ಜೊಂಡಿನ ಕಡ್ಡಿಯೂ ಇಲ್ಲ. ಹನ್ನೆರಡು ವರ್ಷ ಕಾದರೂ ಇದು ಇಲ್ಲಿ ಕಾಣುವಂತಿರಲಿಲ್ಲ.

ಜಡೆಯಪ್ಪ ಪಕ್ಕಕ್ಕೆ ಬಂದು ನಿಂತಿದ್ದರು.

"ಹೊಸದಾ?"

"ಹೂಂ."

"ಪಟ್ಟೀಲಿ ಐತಾ?"

"ಎರಡರಲ್ಲೂ ಐತೆ. ಇದರ ವಿಷಯದಾಗೆ ಜಗಳ ಇಲ್ಲ."

"ಹಂಗಾದ್ರೆ ಮುನ್ನೂರಾಯ್ತು. ಬರಿ."

ಗುರುಗಳು ತಾವೇ ಒಳಗೆ ಹೋಗಿ ಪುಸ್ತಕ ತಂದು ಅವನ ಪಕ್ಕದಲ್ಲಿಟ್ಟರು. ಲೇಖನಿಯನ್ನೂ ಇಟ್ಟರು.

ಚನ್ನವೀರ ಲೇಖನಿಯನ್ನು ಮುಟ್ಟಲಿಲ್ಲ. ಅಂಗೈ ಮೇಲಿನ ಹಕ್ಕಿಗೆ ತೂಕವೇ ಇರಲಿಲ್ಲ. ಅವನಿಗೆ ಅಳು ಬಂತು. ನಲವತ್ತು ದಾಟಿದ ಗಂಡಸು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ.

"ಕಾರ್ತಿಕದಾಗೆ ಹೋಗಿದ್ರೆ ಇದು ಜೀವಂತ ಸಿಗ್ತಿತ್ತು," ಎಂದ.

"ಸಿಗ್ತಿತ್ತು."

"ನೀವ್ಯಾಕೆ ಹೋಗು ಅನ್ಲಿಲ್ಲ?" ಅವನ ದನಿ ಏರಿತು. ಗುರುಗಳ ಮುಂದೆ ಅವನು ದನಿ ಏರಿಸಿದ್ದು ಅದೇ ಮೊದಲು. "ನಿಮಗೆ ಗೊತ್ತಿತ್ತು. ನನ್ನ ಮರದ ಕೆಳಗೆ ಕೂರ್ಸಿ ಸುಮ್ನಿದ್ರಿ."

ಜಡೆಯಪ್ಪ ಕಟ್ಟೆಯ ಮೇಲೆ ಹಕ್ಕಿಗಳ ಪಕ್ಕ ನಿಧಾನವಾಗಿ ಕೂತರು.

"ನೀನು ಉತ್ತರದೋರನ್ನ ಕೇಳಿದೆ, ದಕ್ಷಿಣದೋರನ್ನ ಕೇಳಿದೆ. ಹೋಗ್ಲಾ ಅಂತ ನನ್ನ ಕೇಳ್ತೀಯೇನೋ ಅಂತ ಕಾದೆ. ಕಾದಿದ್ದು ನನ್ನ ತಪ್ಪು. ಆ ನಿಯಮ ಮಾಡಿದ್ದು ಕಣ್ಣು ಪಳಗಲಿ ಅಂತ, ಕಾಲು ಕಟ್ಟಾಕೆ ಅಲ್ಲ. ಇದನ್ನ ನಾನು ಬಾಯಿಬಿಟ್ಟು ಹೇಳ್ಬೇಕಿತ್ತು."

ದುರುಗವ್ವ ಇಬ್ಬರನ್ನೂ ನೋಡಿದಳು. ಗುರು ಶಿಷ್ಯನ ಮುಂದೆ ತಪ್ಪೊಪ್ಪಿಕೊಳ್ಳುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಚನ್ನವೀರ ಹಕ್ಕಿಯನ್ನು ಉಳಿದವುಗಳ ಸಾಲಿನಲ್ಲಿ ಮಲಗಿಸಿದ. ಪುಸ್ತಕವನ್ನು ಮುಚ್ಚಿ ಗುರುಗಳ ಕಡೆ ಸರಿಸಿದ.

"ಇದನ್ನ ಬರೆಯಲ್ಲ. ಇನ್ನೂರ ತೊಂಬತ್ತೊಂಬತ್ತರಲ್ಲೇ ಹೋಗ್ತೀನಿ."

"ಈಗ ಬಂದು ಏನ್ ಮಾಡ್ತೀಯಪ್ಪ?" ದುರುಗವ್ವ ಕೇಳಿದಳು. "ಬಲೆ ಹಾಕಿದ್ದಾಗೈತಿ. ಗೌಡ್ರು ಕೊಟ್ಟ ಮಾತು ಹಿಂದಕ್ಕೆ ತಗಳಲ್ಲ."

"ಸಣ್ಣವು ಅವರಿಗೆ ಬ್ಯಾಡ ಅಂದ್ಯಲ್ಲವ್ವ. ದಿನಾ ಬೆಳಿಗ್ಗೆ ಬಲೆ ಹತ್ರ ಹೋಗಿ ಕೇಳ್ತೀನಿ. ಸಾಯೋಕೆ ಮುಂಚೆ ಬಿಡಿಸಿ ಬಿಡ್ತೀನಿ. ಬೈದ್ರೆ ಬೈಸ್ಕೊಳ್ತೀನಿ. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ."

ದುರುಗವ್ವ ಅವನ ಕೈ ನೋಡಿದಳು. "ದಾರ ಬಿಡಿಸಾಕೆ ಉಗುರು ಬೇಕು," ಎಂದಳು. "ನನಗೆ ಬರ್ತದೆ, ತೋರಿಸ್ತೀನಿ."

ಹಕ್ಕಿಗಳನ್ನು ಮೂವರೂ ಸೇರಿ ಹೊಂಗೆಯ ಬುಡದಲ್ಲಿ ಹೂತರು. ಮೇಲೆ ಒಂದು ಹಕ್ಕಿ ಎರಡು ಉಸಿರಿಗೆ ಕೂಗುತ್ತಿತ್ತು, ಇನ್ನೊಂದು ಮೂರು ಉಸಿರಿಗೆ. ಚನ್ನವೀರ ತಲೆ ಎತ್ತಲಿಲ್ಲ.

ದೋಣಿಯ ತನಕ ಜಡೆಯಪ್ಪ ಬಂದರು. ದುರುಗವ್ವ ಹತ್ತಿ ಕೂತಳು. ಚನ್ನವೀರ ಗುರುಗಳ ಕಾಲಿಗೆರಗಿ ಎದ್ದ. ಎದ್ದವನು ಹತ್ತಲಿಲ್ಲ.

"ಗುರುಗಳೇ, ಒಂದು ಭಯ."

"ಏನು?"

"ಅಲ್ಲಿ ಕೂತ ಮೇಲೆ ಜನ ಕೇಳ್ತಾರೆ. ಮುನ್ನೂರು ಆಗ್ದೆ ಬಂದೋನು ಇವನು, ಇವನೇನು ಹೇಳ್ತಾನೆ ಅಂತಾರೆ. ಅವರು ಅನ್ನದಿದ್ರೂ ನನ್ನ ಮನಸ್ಸು ಅಂತದೆ."

ಜಡೆಯಪ್ಪ ಹೊಳೆಯ ಕಡೆ ನೋಡಿದರು.

"ನಾನು ಮುನ್ನೂರು ಬರೆದೇ ನನ್ನ ಗುರುಗಳನ್ನ ಬಿಟ್ಟು ಈ ದಡಕ್ಕೆ ಬಂದೆ. ಬಂದ ವರ್ಷವೇ ಪಟ್ಟಿಯೋರು ಎರಡು ಗೊರವಂಕ ಸೇರಿಸಿ ಒಂದು ಮಾಡಿದ್ರು. ಆಮೇಲೆ ಹೊಸದು ಕಂಡಾಗೆಲ್ಲ ಹಳೇದೊಂದು ತೆಗೀತಾ ಬಂದ್ರು. ಮೂವತ್ತೆಂಟು ವರ್ಷ ಆಯ್ತು. ನನ್ನದೂ ಇನ್ನೂರ ತೊಂಬತ್ತೊಂಬತ್ತೇ."

ಚನ್ನವೀರನಿಗೆ ನಂಬಲಾಗಲಿಲ್ಲ. "ಮತ್ತೆ ಹೆಂಗೆ ಗುರುಗಳಾಗಿ ಕೂತ್ರಿ?"

"ಆಗ ಈ ದಡದ ಉದ್ದಕ್ಕೂ ಬಲೆ ಇದ್ವು, ಚನ್ನವೀರ. ಬಿಡಿಸ್ತಾ ಕೂತೆ. ನೀನೆಷ್ಟು ನೋಡಿದೀಯ ಅಂತ ಒಂದು ಹಕ್ಕಿನೂ ಕೇಳ್ಲಿಲ್ಲ."